ಇಡಿಯೋ ಬಿಡಿಯೋ: ಗ್ರಾಂಟ್ ರೋಡ್‌ನಲ್ಲಿ 21 ತುಂಡಾದ ಒಂದು ಡಿಸ್ಕ್

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಟ್ರೇನಲ್ಲೋ ಕ್ಯಾಬಲ್ಲೋ ಓದ್ಕೋತೀವಿ ಅನ್ನೋರಿಗಾಗಿ ಎಂದಿನಂತೆ ಈ ಬರಹರೂಪ. ಮಾತಲ್ಲಿ ತಡವರಿಸಿದ್ದನ್ನು ಇಲ್ಲಿ ತಿದ್ದಿದ್ದೀನಿ, ಅಲ್ಲಿ ಬಾಯಿತಪ್ಪಿ ಬಿಟ್ಟುಹೋದ ಎರಡು ಮೂರು ಲೆಕ್ಕ ಸೇರಿಸಿದ್ದೀನಿ.

ಇವತ್ತಿನ ವಿಷಯ ನೋಡೋಕೆ ತೀರಾ ಸಣ್ಣದು. ವಿಎಂವೇರ್ ವರ್ಕ್‌ಸ್ಟೇಷನ್‌ನಲ್ಲಿ ಹೊಸ ವರ್ಚುವಲ್ ಮಷೀನ್ ಮಾಡುವಾಗ ಮಧ್ಯದಲ್ಲೊಂದು ಪ್ರಶ್ನೆ ಬರುತ್ತೆ: ಡಿಸ್ಕನ್ನು ಒಂದೇ ಫೈಲಾಗಿ ಇಡಲಾ, ಹಲವು ಫೈಲುಗಳಾಗಿ ಒಡೆಯಲಾ? ಕನ್ನಡದಲ್ಲಿ ಹೇಳೋದಾದ್ರೆ ಇಡಿಯಾಗಿಯೋ, ಬಿಡಿಬಿಡಿಯಾಗಿಯೋ. ನಮ್ಮಲ್ಲಿ ಬಹಳ ಜನ ಅದನ್ನು ಓದದೇ ‘ನೆಕ್ಸ್ಟ್’ ಒತ್ತಿ ಮುಂದೆ ಹೋಗ್ತೀವಿ. ನಾನೂ ಹಾಗೇ ಹೋಗ್ತಿದ್ದೆ. 2014ರಲ್ಲಿ ಮುಂಬಯಿಯ ಗ್ರಾಂಟ್ ರೋಡ್‌ನ ಒಂದು ಹೋಟೆಲಿನ ಗಲ್ಲಾಪೆಟ್ಟಿಗೆ ಹಿಂದೆ ಕೂತು ಆ ಪ್ರಶ್ನೆಗೆ ಉತ್ತರ ಕೊಡಬೇಕಾಗಿ ಬಂತು. ಮೊದಲ ಸಲ ತಪ್ಪು ಉತ್ತರ ಕೊಟ್ಟೆ. ಎರಡನೇ ಸಲ ಸರಿ ಉತ್ತರ ಕೊಟ್ಟೆ, ಆದ್ರೂ ಪೆಟ್ಟು ತಿಂದೆ.

ಹೋಟೆಲ್ ನಮ್ಮ ದೊಡ್ಡಪ್ಪನದು. ಸ್ಟೇಷನ್ನಿನ ಪೂರ್ವಕ್ಕೆ ಇಳಿದರೆ ಐದು ನಿಮಿಷದ ದಾರಿ. ಕುಂದಾಪುರದ ಕಡೆಯಿಂದ ಹುಡುಗನಾಗಿ ಹೋಗಿ, ತಟ್ಟೆ ತೊಳೆದು, ಬಿಲ್ ಬರೆದು, ಕೊನೆಗೆ ತಾನೇ ಗಲ್ಲಾದಲ್ಲಿ ಕೂತ ಆ ಕಾಲದ ಕಥೆ. ನಿಮ್ಮಲ್ಲಿ ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಪ್ರತಿ ಮನೆಯಲ್ಲೂ ಒಬ್ಬರಿರ್ತಾರೆ. ಗಲ್ಲಾದ ಪಕ್ಕ 2003ರಲ್ಲಿ ಜೋಡಿಸಿದ ಒಂದು ಕಂಪ್ಯೂಟರ್, ಅದರಲ್ಲಿ ವಿಂಡೋಸ್ ಎಕ್ಸ್‌ಪಿ, ಅದರೊಳಗೆ ಯಾರೋ ಒಬ್ಬರು ಬರೆದುಕೊಟ್ಟ ಲೆಕ್ಕದ ಪ್ರೋಗ್ರಾಂ. ಬರೆದವರು ಊರು ಬಿಟ್ಟಿದ್ದರು. ಇನ್‌ಸ್ಟಾಲ್ ಮಾಡುವ ಸಿಡಿ ಇಲ್ಲ, ಸೋರ್ಸ್ ಕೋಡಂತೂ ಕೇಳಲೇಬೇಡಿ.

ಆ ಪ್ರೋಗ್ರಾಂನಲ್ಲಿ ಇದ್ದದ್ದು ಬರೀ ಇಡ್ಲಿ-ವಡೆ ಲೆಕ್ಕ ಅಲ್ಲ. ಹೋಟೆಲಿನ ಹುಡುಗರು ತಿಂಗಳ ಸಂಬಳ ಪೂರ್ತಿ ಕೈಗೆ ತಗೊಳ್ತಾ ಇರಲಿಲ್ಲ. ಖರ್ಚಿಗೆ ಬೇಕಾದಷ್ಟು ತಗೊಂಡು ಉಳಿದದ್ದು ದೊಡ್ಡಪ್ಪನ ಹತ್ರವೇ ಬಿಡ್ತಿದ್ರು. ಊರಿಗೆ ಹೋಗುವಾಗ, ತಂಗಿ ಮದುವೆಗೆ, ಮನೆಗೆ ಹೆಂಚು ಹಾಕಿಸೋಕೆ ಒಟ್ಟಿಗೆ ಕೇಳ್ತಿದ್ರು. ಆ ಖಾತೆಗಳೆಲ್ಲ 11 ವರ್ಷದಿಂದ ಆ ಒಂದೇ ಡಬ್ಬದಲ್ಲಿ. ಅದಕ್ಕಿಂತ ಹಿಂದಿನ ಪುಸ್ತಕಗಳು 2005ರ ಜುಲೈ ಮಳೆಯಲ್ಲಿ ನೀರು ಕುಡಿದು ಹೋಗಿದ್ದವು.

2014ರ ಏಪ್ರಿಲ್ 8ಕ್ಕೆ ಮೈಕ್ರೋಸಾಫ್ಟ್ ಎಕ್ಸ್‌ಪಿಗೆ ಬೆಂಬಲ ನಿಲ್ಲಿಸಿತು. ದೊಡ್ಡಪ್ಪನಿಗೆ ಅದು ಗೊತ್ತಿಲ್ಲ, ಗೊತ್ತಾಗಬೇಕಾದ ದರ್ದೂ ಇರಲಿಲ್ಲ. ಹಾರ್ಡ್‌ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡೋಕೆ ಶುರುವಾದಾಗ ಫೋನ್ ಬಂತು. “ನೀನು ಸುರತ್ಕಲ್‌ನಲ್ಲಿ ಎಂಟೆಕ್ ಮಾಡಿದವ ಅಲ್ಲವಾ, ಒಂಚೂರು ಬಂದು ನೋಡು ಮಾರಾಯ.” ನಾನು ಆಗ ಪೊವಾಯಿಯಲ್ಲಿ ಕೆಲಸದಲ್ಲಿದ್ದೆ. ಶನಿವಾರ ಹೋದೆ.

ನನಗೆ ಹೊಳೆದ ಉಪಾಯ ನಿಮಗೂ ಹೊಳೆದಿರುತ್ತೆ. ಇಡೀ ಎಕ್ಸ್‌ಪಿಯನ್ನೇ ಎತ್ತಿ ಒಂದು ವರ್ಚುವಲ್ ಮಷೀನ್ ಒಳಗೆ ಕೂರಿಸೋದು. 40 ಜಿಬಿಯ ವರ್ಚುವಲ್ ಡಿಸ್ಕ್ ಮಾಡಿದೆ, ಒಂದೇ ಫೈಲು, ಬೇಕಾದಷ್ಟೇ ಬೆಳೆಯುವ ಬಗೆ. ಹಳೇ ಡಿಸ್ಕಿನಿಂದ ಕ್ಲೋನ್ ಮಾಡಿದೆ. ಸಂಜೆ ಹೊತ್ತಿಗೆ ನನ್ನ ಲ್ಯಾಪ್‌ಟಾಪ್‌ನಲ್ಲಿ ದೊಡ್ಡಪ್ಪನ ಎಕ್ಸ್‌ಪಿ ಎದ್ದು ಕೂತಿತು, ಅದೇ ಹಸಿರು ಗುಡ್ಡದ ಚಿತ್ರದ ಸಮೇತ. ಫೈಲ್ ಸುಮಾರು 11 ಜಿಬಿ ಆಗಿತ್ತು. ಒಂದು ನಕಲು ದೊಡ್ಡಪ್ಪನ ಕೈಲಿ ಇರಲಿ ಅಂತ ಪಕ್ಕದ ರಸ್ತೆಗೆ ಹೋಗಿ 32 ಜಿಬಿ ಪೆನ್‌ಡ್ರೈವ್ ತಂದ್ವಿ. ಕಾಪಿ ಕೊಟ್ಟರೆ ವಿಂಡೋಸ್ ಒಪ್ಪಲಿಲ್ಲ. ಫೈಲ್ ತುಂಬಾ ದೊಡ್ಡದು ಅಂತ ಹೇಳ್ತು. ಡ್ರೈವ್ ಪೂರ್ತಿ ಖಾಲಿ ಇದೆ!

ದೊಡ್ಡಪ್ಪ ತಕ್ಷಣ ತೀರ್ಪು ಕೊಟ್ಟರು: “ಅಂಗಡಿಯವ ಮೋಸ ಮಾಡಿದ. 32 ಅಂತ ಬರೆದು ಒಳಗೆ 4 ಇಟ್ಟಿದ್ದಾನೆ.”

ಅಂಗಡಿಯವನ ತಪ್ಪಿರಲಿಲ್ಲ. ಆದರೆ ದೊಡ್ಡಪ್ಪನ ಬಾಯಲ್ಲಿ ಬಂದ ಆ ‘4’ ಮಾತ್ರ ಸರಿಯಾಗಿತ್ತು. ಆ ಸಂಖ್ಯೆ ಎಲ್ಲಿಂದ ಬಂತು ಅನ್ನೋದೇ ಇವತ್ತಿನ ಇತಿಹಾಸ.

ಪಕ್ಕದ ರಸ್ತೆ ಅಂದೆನಲ್ಲ, ಅದು ಲ್ಯಾಮಿಂಗ್ಟನ್ ರೋಡ್. 1903ರಿಂದ 1907ರವರೆಗೆ ಬೊಂಬಾಯಿಯ ಗವರ್ನರ್ ಆಗಿದ್ದ ಲಾರ್ಡ್ ಲ್ಯಾಮಿಂಗ್ಟನ್ ಹೆಸರು. ಈಗಿನ ಅಧಿಕೃತ ಹೆಸರು ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ್, ಆದರೆ ಟ್ಯಾಕ್ಸಿಯವರಿಗೆ ಹಾಗಂದರೆ ಒಂದು ನಿಮಿಷ ಯೋಚನೆ ಮಾಡ್ತಾರೆ. ಗ್ರಾಂಟ್ ರೋಡ್ ಅನ್ನೋ ಹೆಸರೂ 1835ರಲ್ಲಿ ಬಂದ ಇನ್ನೊಬ್ಬ ಗವರ್ನರ್ ರಾಬರ್ಟ್ ಗ್ರಾಂಟ್‌ನದು. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಹೇಗೋ ಮುಂಬಯಿಗೆ ಲ್ಯಾಮಿಂಗ್ಟನ್ ರೋಡ್ ಹಾಗೆ. ಮೊದಲು ರೇಡಿಯೋ ಬಿಡಿಭಾಗ, ಆಮೇಲೆ ಟಿವಿ, ಆಮೇಲೆ ಕಂಪ್ಯೂಟರ್. ಕಳ್ಳಪ್ರತಿಗಳ ವ್ಯಾಪಾರಕ್ಕಾಗಿ ಅಮೆರಿಕದ ವ್ಯಾಪಾರ ಕಚೇರಿಯ ಕುಖ್ಯಾತ ಮಾರುಕಟ್ಟೆಗಳ ಪಟ್ಟಿಯಲ್ಲೂ ಇದರ ಹೆಸರು ಬಂದಿದ್ದುಂಟು.

ದೊಡ್ಡದನ್ನು ತುಂಡು ಮಾಡಿ ಸಾಗಿಸೋದು ಈ ರಸ್ತೆಗೆ ಕಂಪ್ಯೂಟರ್ ಬರೋಕೆ ಮುಂಚೆಯೇ ಗೊತ್ತಿತ್ತು. ಯಾಕಂದ್ರೆ ಇದು ಸಿನಿಮಾ ರಸ್ತೆ. ಇಲ್ಲಿನ ನಾಜ್ ಸಿನಿಮಾದ ಕಟ್ಟಡದಲ್ಲಿ ಹಂಚಿಕೆದಾರರ ಕಚೇರಿಗಳಿದ್ದವು. ಸ್ವಲ್ಪ ಮುಂದೆ ಮಿನರ್ವಾ, 1975ರ ಆಗಸ್ಟ್ 15ಕ್ಕೆ ಬಿಡುಗಡೆಯಾದ ಶೋಲೆ ಐದು ವರ್ಷ ಓಡಿದ ಥಿಯೇಟರ್. ಆಗಿನ ಸಿನಿಮಾ ಅಂದರೆ ತಗಡಿನ ಡಬ್ಬಗಳಲ್ಲಿ ಬರುವ ಸುರುಳಿಗಳು. ಸಾಮಾನ್ಯ 35 ಎಂಎಂ ಫಿಲ್ಮ್ ನಿಮಿಷಕ್ಕೆ 90 ಅಡಿ ಓಡುತ್ತೆ, ಹಾಗಾಗಿ 1000 ಅಡಿಯ ಸುರುಳಿ 11 ನಿಮಿಷಕ್ಕೆ ಮುಗಿಯುತ್ತೆ. ಮೂರು ಗಂಟೆಯ ಚಿತ್ರಕ್ಕೆ ಅಂಥ 16-17 ಸುರುಳಿ ಬೇಕು. ಯಾವ ನಿರ್ದೇಶಕನೂ ತನ್ನ ಕಥೆಯನ್ನು 11 ನಿಮಿಷದ ತುಂಡುಗಳಾಗಿ ಯೋಚಿಸಿರಲ್ಲ. ಒಬ್ಬ ಮನುಷ್ಯ ಎತ್ತಬಲ್ಲ, ಒಂದು ಪ್ರೊಜೆಕ್ಟರ್ ಹಿಡಿಯಬಲ್ಲ ಗಾತ್ರಕ್ಕೆ ಅದನ್ನು ಕತ್ತರಿಸಿದ್ದು. ಡಬ್ಬಗಳಿಗೆ ನಂಬರ್ ಹಾಕಿರ್ತಿದ್ರು. ಒಂಬತ್ತನೇ ಡಬ್ಬ ದಾರಿಯಲ್ಲಿ ತಪ್ಪಿದರೆ ಪ್ರೇಕ್ಷಕರು ಕುರ್ಚಿ ಮುರೀತಿದ್ರು ಅಷ್ಟೇ, ಮಿಕ್ಕ ಡಬ್ಬಗಳಿಗೇನೂ ಆಗ್ತಿರಲಿಲ್ಲ. ಕಂಪ್ಯೂಟರ್ ಫೈಲುಗಳ ವಿಷಯದಲ್ಲಿ ಹಾಗಲ್ಲ, ಅದು ಮುಂದೆ ಬರುತ್ತೆ.

ಇದೇ ರಸ್ತೆಯಲ್ಲಿ ತೊಂಬತ್ತರ ದಶಕದಲ್ಲಿ ಫ್ಲಾಪಿ ಬಂತು. ನೆನಪಿದೆಯಾ, 1.44 ಎಂಬಿ! ವಿಂಡೋಸ್ 95ರ ಫ್ಲಾಪಿ ಸೆಟ್ಟು 13 ಫ್ಲಾಪಿಯದು. ಆಮೇಲೆ ಆರ್ಜ್, ರಾರ್ ಅಂತ ತುಂಡು ಮಾಡುವ ಸಾಫ್ಟ್‌ವೇರ್‌ಗಳು. ಅದಾದ ಮೇಲೆ ವಿಸಿಡಿ: ಒಂದು ತಟ್ಟೆಯಲ್ಲಿ 74ರಿಂದ 80 ನಿಮಿಷ. ನಮ್ಮ ಸಿನಿಮಾಗಳು ಅಷ್ಟರಲ್ಲಿ ಮುಗಿಯೋದಿಲ್ಲ, ಹಾಗಾಗಿ ಎರಡು ಮೂರು ತಟ್ಟೆ. ನಮ್ಮೂರಲ್ಲಿ ಬಾಡಿಗೆಗೆ ತಂದಾಗ ಎರಡನೇ ತಟ್ಟೆಗೇ ಗೀರು ಬಿದ್ದಿರ್ತಿತ್ತು, ಯಾವಾಗ್ಲೂ ಎರಡನೆಯದಕ್ಕೇ. ಡಿವಿಡಿ ಬಂದ ಮೇಲೂ ಒಳಗೆ ನೋಡಿದರೆ ಸಿನಿಮಾ ಒಂದೇ ಫೈಲಲ್ಲಿ ಇರಲಿಲ್ಲ, 1 ಜಿಬಿ ಮೀರದ ವಿಒಬಿ ಫೈಲುಗಳಾಗಿ ಒಡೆದಿರ್ತಿತ್ತು.

ಈ ಎಲ್ಲ ತುಂಡುಗಳಿಗೂ ಕಾರಣ ಪಾತ್ರೆ ಚಿಕ್ಕದು ಅನ್ನೋದು. ಪೆನ್‌ಡ್ರೈವ್ ಕಥೆಯಲ್ಲಿ ಪಾತ್ರೆ ದೊಡ್ಡದೇ ಇತ್ತು. ಚಿಕ್ಕದಿದ್ದದ್ದು ಲೆಕ್ಕ ಬರೆಯುವ ಚೌಕ.

ಫ್ಯಾಟ್ ಅನ್ನೋ ಫೈಲ್ ಸಿಸ್ಟಂ ಎಪ್ಪತ್ತರ ದಶಕದ ಕೊನೆಗೆ ಫ್ಲಾಪಿಗಾಗಿ ಹುಟ್ಟಿದ್ದು. ಅದರಲ್ಲಿ ಪ್ರತಿ ಫೈಲಿನ ಹೆಸರು, ದಿನಾಂಕ, ಗಾತ್ರ ಬರೆದಿಡೋಕೆ 32 ಬೈಟಿನ ಒಂದು ಸಾಲು ಇದೆ. ಆ ಸಾಲಿನಲ್ಲಿ ಗಾತ್ರಕ್ಕೆ ಅಂತ ಬಿಟ್ಟ ಜಾಗ 4 ಬೈಟ್. ನಾಲ್ಕು ಬೈಟಿನಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 4,29,49,67,295. ಅಂದರೆ 4 ಜಿಬಿಗೆ ಒಂದು ಬೈಟ್ ಕಡಿಮೆ. ಫ್ಲಾಪಿ ಕಾಲದಲ್ಲಿ ಇದು ಸಮುದ್ರದಷ್ಟು ದೊಡ್ಡ ಸಂಖ್ಯೆ. 1996ರಲ್ಲಿ ವಿಂಡೋಸ್ 95ರ ಎರಡನೇ ಪರಿಷ್ಕರಣೆಯ ಜೊತೆ ಫ್ಯಾಟ್32 ಬಂದಾಗ ಡಿಸ್ಕಿನ ಒಟ್ಟು ಗಾತ್ರದ ಮಿತಿ ಹಿಗ್ಗಿತು, ಆದರೆ ಆ 4 ಬೈಟಿನ ಚೌಕ ಹಾಗೇ ಉಳೀತು. ಹೋಟೆಲ್ ರಿಜಿಸ್ಟರ್‌ನಲ್ಲಿ ‘ಮೊತ್ತ’ ಅನ್ನೋ ಕಾಲಂ ನಾಲ್ಕೇ ಅಂಕಿಗೆ ಸಾಲುವಷ್ಟಿದ್ದರೆ ಗೋದಾಮು ಎಷ್ಟೇ ದೊಡ್ಡದಿದ್ದರೂ 9,999ಕ್ಕಿಂತ ದೊಡ್ಡ ಬಿಲ್ ಬರೆಯೋಕಾಗಲ್ಲ ಅಲ್ವಾ, ಹಾಗೆ. ದೊಡ್ಡಪ್ಪನಿಗೆ ನಾನು ಹೇಳಿದ್ದೂ ಇದೇ ಉದಾಹರಣೆ. “ಹಾಗಾದ್ರೆ ಎರಡು ಬಿಲ್ ಮಾಡು,” ಅಂದರು. ಐವತ್ತು ವರ್ಷ ವ್ಯಾಪಾರ ಮಾಡಿದವರಿಗೆ ಇದನ್ನು ಕಲಿಸಬೇಕಾಗಿಲ್ಲ.

2 ಜಿಬಿಯ ಗೆರೆ ಇನ್ನೂ ಹಳೆಯದು, ಅದಕ್ಕೆ ಎರಡು ತಾಯಿಬೇರು. ಒಂದು, ಫ್ಯಾಟ್16ರಲ್ಲಿ 32 ಕೆಬಿಯ ತುಂಡುಗಳು ಹೆಚ್ಚೆಂದರೆ 65 ಸಾವಿರ ಚಿಲ್ಲರೆ, ಗುಣಿಸಿದರೆ 2 ಜಿಬಿ. ಇನ್ನೊಂದು, ಯುನಿಕ್ಸ್ ಕಡೆಯಿಂದ ಬಂದದ್ದು. ಫೈಲಿನೊಳಗೆ ಎಲ್ಲಿದ್ದೀವಿ ಅನ್ನೋ ಸ್ಥಾನವನ್ನು 32 ಬಿಟ್ಟಿನ ಸಂಖ್ಯೆಯಲ್ಲಿ ಇಡ್ತಿದ್ರು, ಹಿಂದಕ್ಕೂ ಹೋಗಬೇಕಾದ್ದರಿಂದ ಒಂದು ಬಿಟ್ ಪ್ಲಸ್ಸೋ ಮೈನಸ್ಸೋ ಅನ್ನೋ ಗುರುತಿಗೆ ಹೋಗ್ತಿತ್ತು. ಉಳಿದ 31 ಬಿಟ್ಟಿಗೆ 2,14,74,83,647. ಇದನ್ನು ದಾಟೋದು ಹೇಗೆ ಅಂತ ಯುನಿಕ್ಸ್ ಕಂಪನಿಗಳು 1996ರ ಹೊತ್ತಿಗೆ ಒಟ್ಟಿಗೆ ಕೂತು ಒಪ್ಪಂದ ಮಾಡಿಕೊಂಡವು. ನಮ್ಮ ಲ್ಯಾಪ್‌ಟಾಪ್‌ಗಳ ಲಿನಕ್ಸ್‌ಗೆ ಅದು ಸಲೀಸಾಗಿ ಬಂದದ್ದು 2001ರ ಜನವರಿಯ 2.4 ಕರ್ನೆಲ್ ಜೊತೆ.

ಈಗ ಈ ತಾರೀಕು ಪಕ್ಕಕ್ಕೆ ಇನ್ನೊಂದು ತಾರೀಕು ಇಡಿ. 1998ರಲ್ಲಿ ಡಯೇನ್ ಗ್ರೀನ್, ಮೆಂಡೆಲ್ ರೋಸೆನ್‌ಬ್ಲಂ ಮತ್ತು ಇನ್ನು ಮೂವರು ಸೇರಿ ಕ್ಯಾಲಿಫೋರ್ನಿಯಾದಲ್ಲಿ ವಿಎಂವೇರ್ ಶುರು ಮಾಡ್ತಾರೆ. 1999ರ ಮೇ ತಿಂಗಳಲ್ಲಿ ವರ್ಕ್‌ಸ್ಟೇಷನ್ ಬರುತ್ತೆ, ಲಿನಕ್ಸ್ ಮತ್ತು ವಿಂಡೋಸ್ ಎನ್‌ಟಿ ಮೇಲೆ ಓಡೋಕೆ. ಅಂದರೆ 2 ಜಿಬಿ ದಾಟದ ಫೈಲುಗಳ ಲೋಕದಲ್ಲೇ ಅದು ಹುಟ್ಟಿದ್ದು. ವರ್ಚುವಲ್ ಮಷೀನಿನ ಯೋಚನೆ ಹೊಸದಲ್ಲ ಅನ್ನೋದು ನಿಮಗೆ ಗೊತ್ತು, ಐಬಿಎಂ 1972ರಲ್ಲೇ ವಿಎಂ/370 ತಂದಿತ್ತು. ಆದರೆ ಅಲ್ಲಿ ಡಿಸ್ಕಿನ ಕಥೆ ತಿರುಗಮುರುಗ. ಒಂದು ನಿಜವಾದ ದೊಡ್ಡ ಡಿಸ್ಕನ್ನು ಸಿಲಿಂಡರ್ ಲೆಕ್ಕದಲ್ಲಿ ಕತ್ತರಿಸಿ ಒಬ್ಬೊಬ್ಬರಿಗೆ ಒಂದೊಂದು ಮಿನಿಡಿಸ್ಕ್ ಕೊಡ್ತಿದ್ರು. ಒಂದು ದೊಡ್ಡ ಗದ್ದೆಗೆ ಬದು ಹಾಕಿ ಗೇಣಿಗೆ ಕೊಟ್ಟ ಹಾಗೆ. ಆ ಮಷೀನ್ ಬ್ಯಾಗಲ್ಲಿ ಹಾಕ್ಕೊಂಡು ವಿರಾರ್ ಲೋಕಲ್ ಹತ್ತುವ ಪ್ರಶ್ನೆಯೇ ಇರಲಿಲ್ಲ. ವಿಎಂವೇರ್ ಮಾಡಿದ ದೊಡ್ಡ ಬದಲಾವಣೆ ಅಂದರೆ ಡಿಸ್ಕನ್ನು ಒಂದು ಸಾಮಾನ್ಯ ಫೈಲ್ ಮಾಡಿದ್ದು. ಫೈಲ್ ಆದ ಕೂಡಲೇ ಅದಕ್ಕೆ ಕಾಲು ಬಂತು. ಹೋದ ಕಡೆಯ ಫೈಲ್ ಸಿಸ್ಟಂನ ಗೆರೆಗಳೂ ಅದಕ್ಕೆ ಕಟ್ಟಿಕೊಂಡವು.

ಹಾಗಾಗಿ ಹಳೇ ಆವೃತ್ತಿಗಳಲ್ಲಿ ಆ ಆಯ್ಕೆಯ ಹೆಸರೇ ‘2 ಜಿಬಿ ಫೈಲುಗಳಾಗಿ ಒಡೆ’ ಅಂತಿತ್ತು. 2 ಜಿಬಿಗಿಂತ ದೊಡ್ಡ ಫೈಲ್ ಇಡಲಾಗದ ಫೈಲ್ ಸಿಸ್ಟಂ ಇದ್ದರೆ ಇದನ್ನು ಆರಿಸಿ ಅಂತ ಕೈಪಿಡಿಯಲ್ಲಿ ನೇರವಾಗಿ ಬರೆದಿದ್ರು. ಆಮೇಲೆ ಮಾತು ಬದಲಾಯ್ತು: ಒಡೆದರೆ ಬೇರೆ ಕಂಪ್ಯೂಟರಿಗೆ ಸಾಗಿಸೋದು ಸುಲಭ, ಆದರೆ ತುಂಬಾ ದೊಡ್ಡ ಡಿಸ್ಕ್ ಆದರೆ ವೇಗ ಕಡಿಮೆಯಾಗಬಹುದು ಅಂತ. ಕಾರಣ ಬದಲಾದರೂ ಡೀಫಾಲ್ಟ್ ಹಾಗೇ ಉಳೀತು. ನನ್ನ ಅಭಿಪ್ರಾಯ ಕೇಳಿದರೆ, ಇವತ್ತಿನ ಬಹುಪಾಲು ಜನರಿಗೆ ಆ ಡೀಫಾಲ್ಟ್ ಬೇಕಾಗಿಲ್ಲ. ಹಳೇ ಮನೆಯಲ್ಲಿ ತಲೆ ಬಗ್ಗಿಸಿ ಒಳಗೆ ಹೋಗಿ ಅಭ್ಯಾಸವಾದವರು ಹೊಸ ಮನೆಯ ಎತ್ತರದ ಬಾಗಿಲಲ್ಲೂ ಬಗ್ಗುತ್ತಾರಲ್ಲ, ಅಂಥದ್ದು.

ಇಲ್ಲೊಂದು ಗೊಂದಲ ಬಿಡಿಸಿಬಿಡ್ತೀನಿ. ‘ಜಾಗ ಮೊದಲೇ ಹಿಡಿದಿಡು’ ಅನ್ನೋದು ಬೇರೆ ಪ್ರಶ್ನೆ, ‘ಒಡೆ’ ಅನ್ನೋದು ಬೇರೆ ಪ್ರಶ್ನೆ. ಎರಡೂ ಸೇರಿ ನಾಲ್ಕು ಬಗೆ ಆಗುತ್ತೆ. ವರ್ಕ್‌ಸ್ಟೇಷನ್ ಜೊತೆ ಬರುವ ವಿಡಿಸ್ಕ್‌ಮ್ಯಾನೇಜರ್ ಅನ್ನೋ ಕಮಾಂಡಿನಲ್ಲಿ ಇವಕ್ಕೆ ನಂಬರ್ ಇದೆ: 0 ಅಂದರೆ ಬೆಳೆಯುವ ಇಡಿ ಫೈಲ್, 1 ಬೆಳೆಯುವ ಬಿಡಿ ಫೈಲುಗಳು, 2 ಮತ್ತು 3 ಅವುಗಳದೇ ಮೊದಲೇ ಜಾಗ ಹಿಡಿದ ರೂಪ. ಒಂದು ಬಗೆಯಿಂದ ಇನ್ನೊಂದಕ್ಕೆ ಯಾವಾಗ ಬೇಕಾದರೂ ಬದಲಾಯಿಸಬಹುದು. ಆ ಶನಿವಾರ ರಾತ್ರಿ ನಾನು ಮಾಡಿದ್ದು ಅದೇ, 0 ಇದ್ದದ್ದನ್ನು 1 ಮಾಡಿದೆ. ಪೆನ್‌ಡ್ರೈವನ್ನೇ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಬಹುದಿತ್ತಲ್ಲ ಅಂತ ಕೇಳ್ತೀರಿ. ಮಾಡಬಹುದಿತ್ತು. ಆದರೆ ಅದೇ ಪೆನ್‌ಡ್ರೈವನ್ನು ಹೋಟೆಲಿನ ಟಿವಿಗೂ ಚುಚ್ಚಿ ಬೆಳಿಗ್ಗೆ ಭಜನೆ ಹಾಕಬೇಕು, ಟಿವಿಗೆ ಫ್ಯಾಟ್32 ಬಿಟ್ಟು ಬೇರೆ ಓದೋಕೆ ಬರಲ್ಲ.

ಬಂದ ತುಂಡುಗಳು 21. ಯಾಕೆ 20 ಅಲ್ಲ? ಸರಿಯಾಗಿ 2 ಜಿಬಿ ಅಂದರೆ ಆ 31 ಬಿಟ್ಟಿನ ಸಂಖ್ಯೆಗಿಂತ ಒಂದೇ ಒಂದು ಬೈಟ್ ಹೆಚ್ಚು. ಅದಕ್ಕೇ ವಿಎಂವೇರ್ ಒಂದೊಂದು ತುಂಡಿಗೆ 2047 ಎಂಬಿ ಅಂತ ಇಟ್ಟಿತ್ತು. 40 ಜಿಬಿ ಅಂದರೆ 40,960 ಎಂಬಿ. 2047ನ್ನು 20ರಿಂದ ಗುಣಿಸಿದರೆ 40,940. ಉಳಿದ 20 ಎಂಬಿಗೆ ಅಂತ ಇನ್ನೊಂದು ಪುಟಾಣಿ ತುಂಡು. ಇವುಗಳ ಜೊತೆ 22ನೆಯದಾಗಿ 1 ಕೆಬಿ ಆಸುಪಾಸಿನ ಒಂದು ಪಠ್ಯ ಫೈಲ್, ಅದರಲ್ಲಿ ಯಾವ ತುಂಡಾದ ಮೇಲೆ ಯಾವ ತುಂಡು, ಒಂದೊಂದೂ ಎಷ್ಟು ಸೆಕ್ಟರ್ ಅಂತ ಪಟ್ಟಿ. ಇಡಿ ಫೈಲಾದರೆ ಈ ಪಟ್ಟಿ ಆ ಫೈಲಿನ ತಲೆಯೊಳಗೇ ಕೂತಿರುತ್ತೆ, ಕಣ್ಣಿಗೆ ಬೀಳಲ್ಲ. ಬಿಡಿಯಾದರೆ ಹೊರಗೆ ಬೇರೆಯಾಗಿ ಇರುತ್ತೆ. ಮುಂದಿನ ರಾಮಾಯಣ ನಡೆದದ್ದು ಈ ಪಟ್ಟಿಯಿಂದ.

ಮುಂದಿನ ವರ್ಷ ಮೇ ತಿಂಗಳು. ಹಳೇ ಡಬ್ಬ ಸತ್ತಿತ್ತು, ಹೋಟೆಲಿಗೆ ಹೊಸ ಲ್ಯಾಪ್‌ಟಾಪ್ ಬಂದಿತ್ತು. ಗಲ್ಲಾದಲ್ಲಿ ಕೂರುವ ಹುಡುಗ ಚುರುಕು. ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪ್‌ಗೆ ತಾನೇ ನಕಲು ಮಾಡಿ, ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ, ತುಂಬಾ ಭಜನೆ ತುಂಬಿದ್ದ. ನನ್ನ ಲ್ಯಾಪ್‌ಟಾಪ್‌ನಲ್ಲಿದ್ದ ನಕಲನ್ನು ನಾನು ಜಾಗ ಸಾಲದೆ ಅಳಿಸಿದ್ದೆ. ಅದು ನನ್ನದೇ ತಪ್ಪು, ಬೇರೆ ಯಾರ ಮೇಲೂ ಹಾಕಲ್ಲ. ಅದೇ ತಿಂಗಳು ಅಡುಗೆ ಭಟ್ಟರು ಇನ್ನು ಸಾಕು ಅಂತ ಊರಿಗೆ ಹೊರಟಿದ್ದರು, ಮುಂದಿನ ವಾರದ ರೈಲು. ಅವರ ಖಾತೆ ತೆಗೆಯೋಣ ಅಂತ ನೋಡಿದರೆ ಮಷೀನ್ ಏಳ್ತಿಲ್ಲ.

ಹೋಗಿ ನೋಡಿದೆ. 21 ತುಂಡಿನಲ್ಲಿ 12 ಮಾತ್ರ ಇವೆ. ಪಟ್ಟಿಯ ಫೈಲೂ ಇಲ್ಲ. ಹುಡುಗ ಹೇಳಿದ: “ಅಣ್ಣ, ಚಿಲ್ಲರೆ ಫೈಲೆಲ್ಲ ಕಸ ಅಂದ್ಕೊಂಡೆ. ಒಂದು ಎಂಬಿನೂ ಇರ್ಲಿಲ್ಲ ಅವು.” ಭಟ್ಟರು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡ್ತಿದ್ರು, ಮಾತಾಡಲಿಲ್ಲ. ದೊಡ್ಡಪ್ಪ, “ನನಗೆ ಅಂದಾಜು ನೆನಪಿದೆ, ಅದಕ್ಕೆ ಸ್ವಲ್ಪ ಸೇರಿಸಿಯೇ ಕೊಡುವ,” ಅಂದರು. ಭಟ್ಟರು ಮೆಲ್ಲಗೆ, “ಸೇರಿಸಿ ಕೊಡುವುದು ಬೇಡ. ಲೆಕ್ಕ ಇದ್ದ ಹಾಗೆ ಆಗಲಿ,” ಅಂದರು. ಆ ಮಾತು ನನಗೆ ಚುಚ್ಚಿತು. ಯಾಕಂದರೆ ಒಡೆದವನು ನಾನು. ಇಡಿ ಫೈಲಾಗಿದ್ದರೆ ಅದು ಒಂದೋ ಬರ್ತಿತ್ತು ಇಲ್ಲವೋ ಇಲ್ಲ, ಅರ್ಧ ಬರೋದು ಅಂತ ಇರ್ತಿರಲಿಲ್ಲ.

ಟೀ ಕುಡೀತಾ ಯೋಚನೆ ಮಾಡಿದೆ. ಬಿಟ್ಟುಹೋದ ತುಂಡು ಒಂದು ಎಂಬಿಯೂ ಇರಲಿಲ್ಲ ಅಂದರೆ ಏನರ್ಥ? ಇದು ಬೆಳೆಯುವ ಬಗೆಯ ಡಿಸ್ಕು. ಇದರಲ್ಲಿ ಎಕ್ಸ್‌ಪಿ ಯಾವ ಜಾಗಕ್ಕೆ ಬರೀತೋ ಅಲ್ಲಿಗೆ ಮಾತ್ರ 64 ಕೆಬಿಯ ಕಾಳು ಒಂದೊಂದು ಸೇರ್ತಾ ಹೋಗುತ್ತೆ, ಬರೆಯದ ಜಾಗಕ್ಕೆ ಬರೀ ಸೂಚಿ ಇರುತ್ತೆ. 40ರಲ್ಲಿ ತುಂಬಿದ್ದು 11 ಜಿಬಿ ಮಾತ್ರ. ಅಂದರೆ ಕಳೆದುಹೋದ ಒಂಬತ್ತೂ ಹೆಚ್ಚುಕಮ್ಮಿ ಖಾಲಿ ಡಬ್ಬಗಳು. ಸಿನಿಮಾ ಭಾಷೆಯಲ್ಲಿ ಹೇಳಿದರೆ ಕಳೆದುಹೋದ ಸುರುಳಿಗಳಲ್ಲಿ ಚಿತ್ರವೇ ಇರಲಿಲ್ಲ. ಆದರೆ ಖಾಲಿ ಡಬ್ಬವೂ ಜಾಗದಲ್ಲಿ ಇರಲೇಬೇಕು, ಇಲ್ಲದಿದ್ದರೆ ವಿಎಂವೇರ್ ಬಾಗಿಲೇ ತೆಗೆಯಲ್ಲ.

ಖಾಲಿ ಡಬ್ಬ ಎಲ್ಲಿ ಸಿಗುತ್ತೆ? ಹೊಸದಾಗಿ ಮಾಡಿದರಾಯ್ತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಆಗ ಹಾಕಿದ್ದ ವರ್ಕ್‌ಸ್ಟೇಷನ್ ಹಾಗೇ ಇತ್ತು. ಬೇರೆ ಫೋಲ್ಡರಿನಲ್ಲಿ ಅದೇ ಹೆಸರಿನ, ಅದೇ 40 ಜಿಬಿಯ, ಅದೇ ಐಡಿಇ ಬಗೆಯ, ಒಡೆದ ಡಿಸ್ಕ್ ಒಂದು ಮಾಡಿದೆ. 21 ಖಾಲಿ ತುಂಡು, ಒಂದು ಪಟ್ಟಿ ಹುಟ್ಟಿದವು. ಅದರಿಂದ ಪಟ್ಟಿಯನ್ನೂ, ನಮ್ಮಲ್ಲಿಲ್ಲದ ಒಂಬತ್ತು ನಂಬರಿನ ತುಂಡುಗಳನ್ನೂ ಎತ್ತಿ ಹಳೇ ಹನ್ನೆರಡರ ಪಕ್ಕ ಇಟ್ಟೆ. ಅದಕ್ಕೂ ಮುಂಚೆ ಆ ಹನ್ನೆರಡನ್ನು ಎರಡು ಕಡೆ ನಕಲು ಮಾಡಿಕೊಂಡೆ, ಅಷ್ಟು ಬುದ್ಧಿ ಅಷ್ಟರಲ್ಲಿ ಬಂದಿತ್ತು. ಅಪಾಯ ಇರಲಿಲ್ಲ ಅಂತಲ್ಲ. ಆ ಒಂಬತ್ತರಲ್ಲಿ ಯಾವುದೋ ಒಂದರಲ್ಲಿ ಒಂದು ಕಾಳಿನಷ್ಟು ನಿಜವಾದ ದಾಖಲೆ ಇದ್ದಿದ್ದರೆ ಅದು ಸೊನ್ನೆಯಾಗಿ ಹೋಗಿರುತ್ತೆ, ನಮಗೆ ಗೊತ್ತೂ ಆಗಲ್ಲ. ಎನ್‌ಟಿಎಫ್‌ಎಸ್ ತನ್ನ ಬೂಟ್ ಸೆಕ್ಟರಿನ ಒಂದು ನಕಲನ್ನು ಪಾರ್ಟಿಷನ್ನಿನ ಕಟ್ಟಕಡೆಯಲ್ಲಿ ಇಟ್ಟಿರುತ್ತೆ, ಅದಂತೂ ಹೋಗಿರಲೇಬೇಕು. ಅದು ಬರೀ ನಕಲು, ಮೂಲ ಮೊದಲ ತುಂಡಿನಲ್ಲಿ ಇತ್ತು.

ಹಸಿರು ಗುಡ್ಡ ಬಂತು. ಚೆಕ್‌ಡಿಸ್ಕ್ ಓಡಿಸಿದ್ವಿ, ಹೇಳಿಕೊಳ್ಳುವಂಥ ದೋಷ ಸಿಗಲಿಲ್ಲ. ಆದರೂ ನಂಬೋದು ಹೇಗೆ? ಭಟ್ಟರ ಕೈಲಿ ಹಿಂದಿನ ವರ್ಷದ ಮಾರ್ಚಿನಲ್ಲಿ ಪ್ರಿಂಟ್ ಮಾಡಿಕೊಟ್ಟಿದ್ದ ಒಂದು ಚೀಟಿ ಇತ್ತು, ಪಂಚಾಂಗದೊಳಗೆ ಮಡಚಿಟ್ಟಿದ್ದು. ಸ್ಕ್ರೀನಿನ ಮೇಲಿನ ಅಂಕಿ, ಚೀಟಿಯ ಅಂಕಿ ಸಾಲು ಸಾಲಾಗಿ ಓದಿದ್ವಿ. ತಾಳೆಯಾಯ್ತು. ಎಷ್ಟು ಅಂತ ಇಲ್ಲಿ ಹೇಳಲ್ಲ, ಅದು ಅವರ ದುಡ್ಡು. ದೊಡ್ಡಪ್ಪನ ಅಂದಾಜಿಗಿಂತ ಜಾಸ್ತಿಯೇ ಇತ್ತು ಅಂತ ಮಾತ್ರ ಹೇಳಬಹುದು.

ಹಾಗಾದರೆ ಯಾವುದು ಸರಿ? ಆವತ್ತು ಒಡೆದದ್ದೇ ತೊಂದರೆ ಮಾಡಿತು, ಒಡೆದದ್ದರಿಂದಲೇ ಉಳಿದದ್ದೂ ಉಂಟು. ಇಡಿ ಫೈಲಿನ ಮಧ್ಯದಲ್ಲಿ ಕೊಳೆತಿದ್ದರೆ ಹೀಗೆ ತುಂಡು ಬದಲಾಯಿಸೋದು ಅಷ್ಟು ಸುಲಭ ಇರ್ತಿರಲಿಲ್ಲ. ನನ್ನ ಲೆಕ್ಕ ಇಷ್ಟು: ಡಿಸ್ಕ್ ಓಡಾಡುವುದಾದರೆ ಬಿಡಿ, ಕೂತಲ್ಲೇ ಕೂರುವುದಾದರೆ ಇಡಿ. ವೇಗದ ವ್ಯತ್ಯಾಸ ಮಾಮೂಲಿ ಗಾತ್ರದಲ್ಲಿ ನಿಮಗೆ ಗೊತ್ತೇ ಆಗಲ್ಲ. ಆದರೆ 500 ಜಿಬಿ ಡಿಸ್ಕನ್ನು 2047 ಎಂಬಿಯಂತೆ ಒಡೆದರೆ 251 ಫೈಲು. ಸ್ನ್ಯಾಪ್‌ಶಾಟ್ ತೆಗೆದರೆ ಅದಕ್ಕೂ ತನ್ನದೇ ಒಂದು ಸೆಟ್ ತುಂಡು. ನಮ್ಮ 21ರ ಡಿಸ್ಕಿಗೆ ಮೂರು ಸ್ನ್ಯಾಪ್‌ಶಾಟ್ ತೆಗೆದಿದ್ದರೆ 84 ಆಗ್ತಿತ್ತು, ಆ ಹುಡುಗನ ಕಣ್ಣಿಗೆ ಅಷ್ಟೂ ಕಸವೇ. ಇತ್ತೀಚಿನ ಆವೃತ್ತಿಗಳಲ್ಲಿ ತುಂಡು 4 ಜಿಬಿಗೆ ಸ್ವಲ್ಪ ಕಡಿಮೆ ಗಾತ್ರಕ್ಕೆ ಬೆಳೆದಿದೆ, ಫ್ಯಾಟ್32ರ ಗೆರೆಯ ತನಕ.

ಸರ್ವರ್ ಕಡೆ ಈ ಚರ್ಚೆ ಬೇಗ ಮುಗೀತು. ಇಎಸ್ಎಕ್ಸ್‌ಗೆ ತನ್ನದೇ ವಿಎಂಎಫ್ಎಸ್ ಇತ್ತು, ದೊಡ್ಡ ಫೈಲ್ ಇಡೋಕಂತಲೇ ಕಟ್ಟಿದ್ದು. ಅಲ್ಲಿ 2 ಜಿಬಿ ತುಂಡುಗಳ ಡಿಸ್ಕ್ ತಗೊಂಡು ಹೋದರೆ ಹಾಗೇ ಓಡಲ್ಲ, ಪರಿವರ್ತನೆ ಮಾಡಲೇಬೇಕು. ಆಫೀಸಿನಲ್ಲಿ ವರ್ಕ್‌ಸ್ಟೇಷನ್‌ನಿಂದ ಸರ್ವರಿಗೆ ಎತ್ತಿದವರೆಲ್ಲ ಒಂದು ಸಲವಾದರೂ ಇದರಲ್ಲಿ ಸಿಕ್ಕಿಕೊಂಡಿರ್ತೀರಿ. ವರ್ಚುವಲ್‌ಬಾಕ್ಸ್‌ನ ವಿಡಿಐ ಯಾವಾಗಲೂ ಇಡಿ, ಒಡೆಯುವ ಆಯ್ಕೆ ಬೇಕಿದ್ದರೆ ವಿಎಂಡಿಕೆ ಬಗೆ ಆರಿಸಬೇಕು. ಮ್ಯಾಕ್ ಕಡೆ ಮಾತ್ರ ಒಡೆಯೋದಕ್ಕೆ ಹೊಸ ಕಾರಣ ಹುಟ್ಟಿತು. 2007ರಲ್ಲಿ ಬಂದ ಟೈಮ್ ಮಷೀನ್, ಫೈಲಿನಲ್ಲಿ ಒಂದು ಬೈಟ್ ಬದಲಾದರೂ ಇಡೀ ಫೈಲನ್ನು ಮತ್ತೆ ನಕಲು ಮಾಡ್ತಿತ್ತು. 60 ಜಿಬಿಯ ಇಡಿ ಫೈಲಿದ್ದರೆ ದಿನಕ್ಕೊಂದು 60 ಜಿಬಿ. ಒಡೆದಿದ್ದರೆ ಬದಲಾದ ತುಂಡು ಮಾತ್ರ. ಆಪಲ್ ಅದೇ ವರ್ಷ ತನ್ನ ಡಿಸ್ಕ್ ಇಮೇಜಿಗೇ 8 ಎಂಬಿ ಪಟ್ಟಿಗಳ ಸ್ಪಾರ್ಸ್‌ಬಂಡಲ್ ತಂದಿತು.

ತಮಾಷೆ ಅಂದರೆ ಕ್ಲೌಡಿನಲ್ಲಿ ನಮ್ಮನ್ನು ಯಾರೂ ಈ ಪ್ರಶ್ನೆ ಕೇಳಲ್ಲ, ಆದರೆ ಅಲ್ಲಿ ಎಲ್ಲವೂ ಬಿಡಿಯೇ. ಸೆಫ್‌ನಲ್ಲಿ ಒಂದು ವರ್ಚುವಲ್ ಡಿಸ್ಕ್ ಮಾಡಿದರೆ ಡೀಫಾಲ್ಟಾಗಿ 4 ಎಂಬಿ ತುಂಡುಗಳಾಗಿ ಹತ್ತಾರು ಮಷೀನುಗಳಲ್ಲಿ ಹರಡಿಕೊಳ್ಳುತ್ತೆ. ನಮ್ಮ 40 ಜಿಬಿಗೆ ಅಲ್ಲಿ 10,240 ತುಂಡು. ಎಣಿಸಿ ಇಡೋ ಕೆಲಸ ಅವರದು, ಒಂದೊಂದು ತುಂಡಿಗೂ ಮೂರು ಮೂರು ನಕಲು ಇಡುವ ಪದ್ಧತಿಯೂ ಉಂಟು. ನಮ್ಮ ಹೋಟೆಲಿನಲ್ಲಿ ಇಲ್ಲದೇ ಇದ್ದದ್ದು ಅದೊಂದೇ.

ಈಗ ಆ ಎಕ್ಸ್‌ಪಿಯ ಒಂದು ಪ್ರತಿ ನನ್ನ ಮನೆಯ ಮಷೀನಿನಲ್ಲಿ ಇಡಿಯಾಗಿದೆ. ಇನ್ನೊಂದು ಪ್ರತಿ ಬಿಡಿಯಾಗಿ, ಬೇರೆಯೇ ಪೆನ್‌ಡ್ರೈವಿನಲ್ಲಿ, ದೊಡ್ಡಪ್ಪನ ಕಪಾಟಿನಲ್ಲಿ. ಡಿಸ್ಕಿನ ಫೈಲುಗಳನ್ನಷ್ಟೇ ಒಂದು ಫೋಲ್ಡರಿಗೆ ಹಾಕಿ ಕೊಟ್ಟಿದ್ದೆ. ಕಳೆದ ಸಲ ಹೋದಾಗ ನೋಡಿದೆ, ಅದನ್ನು ಒಂದು ಲಕೋಟೆಯಲ್ಲಿ ಹಾಕಿ ಮೇಲೆ ತಮ್ಮದೇ ಅಕ್ಷರದಲ್ಲಿ ಬರೆದಿದ್ದರು, ಊರಿನ ಬಸ್ಸಿಗೆ ಸಾಮಾನು ಹಾಕುವಾಗ ಬರೆಯುತ್ತಿದ್ದ ಹಾಗೆ: “ಒಟ್ಟು 22 ನಗ. ಎಣಿಸಿ ತೆಗೆದುಕೊಳ್ಳುವುದು.”